ಮೊಸರಿನ ಮಂಗಮ್ಮನೂ ನಮ್ಮ ಊರಿನ ಕೇಳುಗರೂ

ಸಾಹಿತ್ಯವು ಮನುಷ್ಯ ಮನುಷ್ಯರನ್ನು ಬೆಸೆಯುತ್ತದೆ ಎಂಬ ಮಾತು ಸಂಘಗಳ ವಾರ್ಷಿಕೋತ್ಸವಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಮಾತು ಸುಳ್ಳೆಂದು ನಾವು ಹೇಳುವುದಿಲ್ಲ. ಆದರೆ ಯಾವ ಪುಸ್ತಕವು ಯಾರನ್ನು ಯಾರೊಡನೆ ಬೆಸೆಯಿತು, ಆ ಬೆಸುಗೆ ಎಷ್ಟು ದಿನ ನಿಂತಿತು ಎಂದು ಕೇಳಿದರೆ ಉತ್ತರ ಸುಲಭವಾಗಿ ದೊರೆಯದು. ದೊಡ್ಡ ಮಾತನ್ನು ಸಣ್ಣ ತಕ್ಕಡಿಯಲ್ಲಿಟ್ಟು ತೂಗುವುದು ಶಾಲಾಮಾಸ್ತರರಿಗೆ ಅಭ್ಯಾಸದಿಂದ ಬಂದ ಗುಣ. ಆದುದರಿಂದ ನಾವು ಇಲ್ಲಿ ಒಂದೇ ಒಂದು ಕತೆಯನ್ನು ಎತ್ತಿಕೊಂಡಿದ್ದೇವೆ. ಅದು ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರ ‘ಮೊಸರಿನ ಮಂಗಮ್ಮ’. ವಾಚಕರಲ್ಲಿ ಹಲವರು ಇದನ್ನು ಓದಿಯೇ ಇರುವರು. ಇದನ್ನು ನಮ್ಮ ಸಾನಮಾವಿನಲ್ಲಿ ಗಟ್ಟಿಯಾಗಿ ಓದಿದಾಗ ಏನಾಯಿತು, ಆ ಓದಿನಿಂದ ಕತೆಯ ವಿಷಯದಲ್ಲಿ ನಮಗೆ ತಿಳಿದುದೇನು ಎಂಬುದನ್ನು ನಿವೇದಿಸುತ್ತೇವೆ.

ಮೊದಲು ಕತೆಗಾರರ ಮಾತು. ಮಾಸ್ತಿಯವರು ಹುಟ್ಟಿದುದು 1891ರ ಜೂನ್ 6ರಂದು, ಮಾಲೂರು ತಾಲ್ಲೂಕಿನ ಹುಂಗೇನಹಳ್ಳಿಯಲ್ಲಿ. ಹೊಸೂರಿನಿಂದ ಬಾಗಲೂರಿನ ದಾರಿ ಹಿಡಿದು ಹೊರಟರೆ ಮಾಲೂರು ನಮಗೆ ನೆರೆಯ ಊರು. ನಡುವೆ ರಾಜ್ಯದ ಗಡಿಯೊಂದಿದೆ. ಹೊಲಗಳಿಗೆ ಅದು ತಿಳಿಯದು, ಅಲ್ಲಿಯೂ ರಾಗಿ, ಇಲ್ಲಿಯೂ ರಾಗಿ. ಮಾಸ್ತಿಯವರ ಮನೆಮಾತು ತಮಿಳು. ಅವರು ‘ಶ್ರೀನಿವಾಸ’ ಎಂಬ ಹೆಸರಿನಿಂದ ಕತೆ ಬರೆದುದು ಕನ್ನಡದಲ್ಲಿ. 1920ರಲ್ಲಿ ‘ಕೆಲವು ಸಣ್ಣ ಕತೆಗಳು’ ಹೊರಬಂದಿತು. 1983ರ ಜ್ಞಾನಪೀಠ ಪ್ರಶಸ್ತಿಯವರೆಗೆ, ಅದರಾಚೆಗೂ, ಅವರ ಲೇಖನಿ ನಡೆಯಿತು. ಇತ್ತ ನಮ್ಮ ಊರಿಗೆ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ಹುಟ್ಟಿದವರು ಚಕ್ರವರ್ತಿ ರಾಜಗೋಪಾಲಾಚಾರ್ಯರು. ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, ತಮಿಳಿನಲ್ಲಿ ಕತೆಯನ್ನೂ ರಾಮಾಯಣವನ್ನೂ ಬರೆದವರು. ಒಂದೇ ಬಯಲಿನ ಎರಡು ಮನೆಗಳು, ಎರಡರಲ್ಲಿಯೂ ತಮಿಳು. ಒಂದರ ಮಗ ತಮಿಳಿಗೆ ಸಂದನು, ಇನ್ನೊಂದರ ಮಗ ಕನ್ನಡಕ್ಕೆ. ಧಾರವಾಡದ ಬೇಂದ್ರೆಯವರ ಮನೆಮಾತು ಮರಾಠಿಯಾಗಿದ್ದುದನ್ನೂ ಇದರೊಡನೆ ನೆನೆಯಬಹುದು. ಮನೆಯ ಭಾಷೆ ಯಾವುದೋ ಪುಸ್ತಕದ ಭಾಷೆಯೂ ಅದೇ ಎಂಬುದು ಗಡಿಯಿಂದ ದೂರ ಇರುವವರ ಊಹೆಯೇ ಹೊರತು ನಮ್ಮ ಕಡೆಯ ಅನುಭವವಲ್ಲ.

ಇನ್ನು ಓದಿನ ಸಂದರ್ಭ. ರಾಗಿ ತೆನೆಗಟ್ಟುವ ಕಾಲಕ್ಕೆ ಬನ್ನೇರುಘಟ್ಟದ ಕಾಡಿನಿಂದ ತಳಿ, ಜವಳಗಿರಿ, ದೇಂಕಣಿಕೋಟೆಯ ಕಡೆಯಾಗಿ ಆನೆಗಳ ಹಿಂಡು ಇಳಿದು ಬರುತ್ತದೆ. ಸಾನಮಾವಿನ ಮೀಸಲು ಕಾಡು ಅವುಗಳಿಗೆ ತಂಗುದಾಣ. ಹಿಂಡು ಕಾಡಿನಲ್ಲಿದೆ ಎಂಬ ಸುದ್ದಿ ಬಂದ ಮೇಲೆ ಹೊತ್ತು ಮುಳುಗಿದ ಬಳಿಕ ಊರಿನಲ್ಲಿ ಯಾರೂ ಹೊರಗೆ ಕಾಲಿಡುವುದಿಲ್ಲ. ಗಂಡಸರಲ್ಲಿ ಕೆಲವರು ಹೊಲದ ಕಾವಲಿನಲ್ಲಿರುತ್ತಾರೆ. ಉಳಿದವರು ಮನೆಯೊಳಗಿದ್ದರೂ ಕಿವಿ ಹೊರಗಿಟ್ಟು ಎಚ್ಚರವಾಗಿರುತ್ತಾರೆ. ಅಂಥ ರಾತ್ರಿಗಳಲ್ಲಿ ಒಂದು ಮನೆಯ ನಡುಮನೆಯಲ್ಲಿ ನೆರೆಯವರು ಹತ್ತು ಹನ್ನೆರಡು ಮಂದಿ ಸೇರುವುದುಂಟು. ಟೆಲಿವಿಷನ್ ಇಲ್ಲವೆಂದಲ್ಲ. ಆದರೆ ಅದರ ಸದ್ದಿನಲ್ಲಿ ಹೊರಗಿನ ಸದ್ದು ಕೇಳುವುದಿಲ್ಲವೆಂದು ಹಿರಿಯರೇ ಅದನ್ನು ಆರಿಸಿದರು. ಹೊತ್ತು ಹೋಗಲೆಂದು ನಾವು ಪುಸ್ತಕವನ್ನು ತೆರೆದೆವು. ಸಾಹಿತ್ಯಸೇವೆಯ ಸಂಕಲ್ಪವೇನೂ ನಮಗಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು.

ಕೇಳುಗರಲ್ಲಿ ಕನ್ನಡ ಮನೆಮಾತಿನವರು ಹೆಚ್ಚು, ತೆಲುಗಿನವರು ನಾಲ್ಕೈದು ಜನ, ತಮಿಳಿನವರೊಬ್ಬರು. ಮೂರು ಭಾಷೆಯೂ ಎಲ್ಲರಿಗೂ ಕಿವಿಯಲ್ಲಿ ಬರುತ್ತದೆ. ಕನ್ನಡದ ಅಕ್ಷರ ಬಲ್ಲವರು ಮಾತ್ರ ನಮ್ಮನ್ನು ಸೇರಿಸಿ ಮೂವರು.

ಕತೆಯನ್ನು ಸಂಕ್ಷೇಪವಾಗಿ ನೆನಪಿಗೆ ತಂದುಕೊಳ್ಳೋಣ. ಮಂಗಮ್ಮ ಹಳ್ಳಿಯಿಂದ ಬೆಂಗಳೂರಿಗೆ ಮೊಸರು ಹೊತ್ತು ತಂದು ಮಾರುವವಳು. ವರ್ತನೆಯ ಮನೆಯೊಂದರಲ್ಲಿ ಕುಳಿತು, ಎಲೆ ಅಡಕೆ ಹಾಕಿಕೊಂಡು, ಆ ಮನೆಯ ಗೃಹಿಣಿಯೊಡನೆ ಸುಖದುಃಖ ಆಡುತ್ತಾಳೆ. ಕತೆಯನ್ನು ನಮಗೆ ಹೇಳುವವಳು ಈ ಗೃಹಿಣಿ. ಸೊಸೆ ನಂಜಮ್ಮ ತನ್ನ ಮಗುವನ್ನು ಹೊಡೆದಳೆಂದು ಅತ್ತೆ ಆಕ್ಷೇಪಿಸುತ್ತಾಳೆ. ಮಾತಿಗೆ ಮಾತು ಬೆಳೆಯುತ್ತದೆ. ಮಗ ಹೆಂಡತಿಯ ಪಕ್ಷವಾಗುತ್ತಾನೆ. ಮಂಗಮ್ಮ ಬೇರೆ ಒಲೆ ಹೂಡುತ್ತಾಳೆ. ಯಾರಿಗಾಗಿ ಕೂಡಿಡಬೇಕು ಎಂಬ ಬೇಸರದಲ್ಲಿ ತನಗೊಂದು ಮಕಮಲ್ಲಿನ ರವಿಕೆ ಹೊಲಿಸಿಕೊಳ್ಳುತ್ತಾಳೆ. ಊರಿನ ರಂಗಪ್ಪನೆಂಬವನು ಅವಳ ಒಂಟಿತನವನ್ನೂ ಅವಳ ಗಂಟನ್ನೂ ಕಂಡು ದಾರಿಯಲ್ಲಿ ಮಾತಿಗೆ ಬರುತ್ತಾನೆ. ಕೊನೆಗೆ ಮೊಮ್ಮಗ ಅಜ್ಜಿಯ ಬಳಿಗೆ ಬರುತ್ತಾನೆ. ಅವನಿಂದಾಗಿ ಮುರಿದ ಮನೆ ಕೂಡಿಕೊಳ್ಳುತ್ತದೆ. ಮೊಸರು ಮಾರುವ ಕೆಲಸ ಸೊಸೆಯ ಕೈಗೆ ಬರುತ್ತದೆ. ಇಷ್ಟೇ ಕತೆ. ಇದರಲ್ಲಿ ಸಾವಿಲ್ಲ, ಕಾಣೆಯಾದ ಆಸ್ತಿಪತ್ರವಿಲ್ಲ, ಪ್ರೇಮಿಗಳ ಅಗಲಿಕೆಯಿಲ್ಲ.

ತರಬೇತಿ ಶಾಲೆಯಲ್ಲಿ ಈ ಕತೆಯನ್ನು ನಾವು ಮೊದಲು ಓದಿದಾಗ ಇದನ್ನು ಮಾತೃಹೃದಯದ ಕತೆ ಎಂದುಕೊಂಡಿದ್ದೆವು. ಉತ್ತರಪತ್ರಿಕೆಯಲ್ಲಿ ಹಾಗೆಯೇ ಬರೆದು ಅಂಕವನ್ನೂ ಪಡೆದಿದ್ದೆವು. ಆ ರಾತ್ರಿ ಓದು ಮುಗಿದ ಮೇಲೆ ನಡುಮನೆಯಲ್ಲಿ ಕತೆಯ ಮೇಲೆ ಪಂಚಾಯಿತಿಯೇ ನಡೆಯಿತು. ಎರಡು ಹಸು ಸಾಕಿ ಹಾಲು ಹಾಕುವ ಒಬ್ಬಾಕೆ, “ಆ ಸೊಸೇದು ತಪ್ಪೇನೈತೆ ಮೇಷ್ಟ್ರೆ? ಹೆತ್ತೋಳು ಹೊಡೀಬಾರ್ದಾ?” ಎಂದರು. ಇನ್ನೊಬ್ಬರು, “ಬ್ಯಾರೆ ಆದಾಗ ಹಸ ಯಾರ ಪಾಲಿಗೆ ಬಂತು, ಅದನ್ನ ಓದಿ” ಎಂದು ಕೇಳಿದರು. ನಮಗೆ ಆ ಪ್ರಶ್ನೆ ಅಂದಿನವರೆಗೆ ಹೊಳೆದಿರಲಿಲ್ಲ. ಮೊಮ್ಮಗ ಅಜ್ಜಿಯ ಮಡಿಲಿಗೆ ಬಂದ ಭಾಗದಲ್ಲಿ ನಮ್ಮ ಧ್ವನಿ ಸ್ವಲ್ಪ ಗದ್ಗದವಾಗಿದ್ದಿರಬೇಕು, ತೆಲುಗು ಮನೆಯ ಹಿರಿಯರೊಬ್ಬರು ನಕ್ಕು, “ಮಗಾನ್ನ ಕಳಿಸಿದ್ದು ಸೊಸೆ. ದುಡ್ಡು ರಂಗಪ್ಪನ ಪಾಲಾಗ್ತದೆ ಅಂತ ಅವಳಿಗೆ ದಿಗಿಲು. ಜಾಣೆ!” ಎಂದರು.

ಮತ್ತೆ ಪುಟ ತಿರುವಿ ನೋಡಿದೆವು. ಹೌದು, ಕತೆಯಲ್ಲಿ ಆ ಲೆಕ್ಕಾಚಾರ ಇದೆ. ಮಾಸ್ತಿಯವರು ಅದನ್ನು ಬಚ್ಚಿಟ್ಟಿಲ್ಲ. ನಂಜಮ್ಮನ ಮಾತನ್ನೂ ಅದೇ ಗೃಹಿಣಿ ಮುಂದೆ ಕೇಳಿಸಿಕೊಳ್ಳುತ್ತಾಳೆ. ಅತ್ತೆಯ ದುಃಖಕ್ಕೆ ತೆರೆದ ಕಿವಿಯೇ ಸೊಸೆಯ ಸಮರ್ಥನೆಗೂ ತೆರೆದಿದೆ. ಮಾತೃಹೃದಯವೆಂಬ ಉತ್ತರವನ್ನು ಕಲಿತು ಬಂದಿದ್ದ ನಾವು ಕತೆಯ ಅರ್ಧವನ್ನು ಮಾತ್ರ ಓದಿದ್ದೆವು. ಅಕ್ಷರ ಬಾರದವರು ಅದನ್ನು ಇಡಿಯಾಗಿ ಕೇಳಿದರು. ಪ್ರೀತಿ ಮತ್ತು ಲೆಕ್ಕ ಎರಡೂ ಒಂದೇ ಮಗುವಿನ ಕೈಹಿಡಿದು ಬರಬಹುದೆಂಬುದು ಅವರಿಗೆ ಆಶ್ಚರ್ಯದ ವಿಷಯವಲ್ಲ. ಅದರಿಂದ ಪ್ರೀತಿ ಕಡಮೆಯಾಯಿತೆಂದೂ ಅವರು ಭಾವಿಸಲಿಲ್ಲ.

ಇಲ್ಲಿ ಕತೆಯ ಕಟ್ಟಡದ ವಿಷಯವಾಗಿ ಸ್ವಲ್ಪ ನಿಲ್ಲಬೇಕಾಗಿದೆ. ಮಾಸ್ತಿಯವರ ಕಲೆಯ ಗುಟ್ಟು ಮಂಗಮ್ಮನ ಪಾತ್ರಚಿತ್ರಣದಲ್ಲಿದೆ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಅದು ಕೇಳುವವಳ ಪಾತ್ರದಲ್ಲಿದೆ. ಈ ಗೃಹಿಣಿಗೂ ಮಂಗಮ್ಮನಿಗೂ ನೆಂಟಸ್ತಿಕೆಯಿಲ್ಲ; ಒಂದೇ ಊರಿನವರೂ ಅಲ್ಲ, ಒಂದೇ ಸ್ಥಿತಿಯವರೂ ಅಲ್ಲ. ಅವರ ನಡುವೆ ಇರುವುದು ದಿನದ ಮೊಸರು, ಕುಳಿತುಕೊಳ್ಳಲು ಸ್ವಲ್ಪ ಜಾಗ, ಒಂದಿಷ್ಟು ಎಲೆ ಅಡಕೆ. ಗೃಹಿಣಿ ಪಂಚಾಯಿತಿ ಹೇಳಲು ಹೋಗುವುದಿಲ್ಲ, ಮಂಗಮ್ಮನ ಊರಿಗೆ ಹೋಗಿ ಸಂಧಾನ ಮಾಡಿಸುವುದಿಲ್ಲ. ಅವಳು ಮಾಡುವುದು ಒಂದೇ: ಕೇಳುತ್ತಾಳೆ, ನಾಳೆ ಏನಾಯಿತೆಂದು ಮತ್ತೆ ಕೇಳುತ್ತಾಳೆ. ಓದುಗನಿಗೂ ಪುಸ್ತಕದ ಮನುಷ್ಯರಿಗೂ ಇರುವ ಸಂಬಂಧ ಇದಕ್ಕಿಂತ ಹೆಚ್ಚಿನದೇನೂ ಅಲ್ಲ, ಕಡಮೆಯದೂ ಅಲ್ಲ. ಸಾಹಿತ್ಯವನ್ನು ಕನ್ನಡಿಗೆ ಹೋಲಿಸುವುದು ವಾಡಿಕೆ. ಕನ್ನಡಿಯಲ್ಲಿ ಕಾಣುವುದು ನಮ್ಮ ಮುಖ ಮಾತ್ರ. ಈ ಕತೆ ನಮ್ಮನ್ನು ಕೂರಿಸುವುದು ಕನ್ನಡಿಯ ಮುಂದಲ್ಲ. ಬೇರೊಬ್ಬರ ಬುಟ್ಟಿ ಇಳಿಯುವ ಜಗುಲಿಯ ಮೇಲೆ.

ದೋಷವಿಲ್ಲವೆಂದು ಹೇಳಲಾರೆವು. ಕೊನೆಯಲ್ಲಿ ಗೃಹಿಣಿ ಅತ್ತೆ ಸೊಸೆಯರ ಜಗಳದ ಸ್ವರೂಪವನ್ನು ಕುರಿತು ತನ್ನ ವಿಚಾರವನ್ನು ಮುಂದಿಡುತ್ತಾಳೆ. ಅಲ್ಲಿಯವರೆಗೆ ಕಿವಿಯಾಗಿದ್ದವಳು ಅಲ್ಲಿ ಬಾಯಾಗುತ್ತಾಳೆ. ಆ ಭಾಗವನ್ನು ಓದುವಾಗ ನಡುಮನೆಯಲ್ಲಿ ಒಬ್ಬರು ಆಕಳಿಸಿದರು, ಇಬ್ಬರು ನೀರು ಕುಡಿಯಲು ಎದ್ದರು. ವಿಮರ್ಶಕರ ಆಕ್ಷೇಪಣೆಗಿಂತ ಈ ಆಕಳಿಕೆ ನಮಗೆ ಹೆಚ್ಚು ಪ್ರಮಾಣವಾಗಿ ತೋರಿತು. ಮೊಸರಿನ ಗಡಿಗೆ ಸೊಸೆಯ ತಲೆಗೆ ಬಂದಾಗಲೇ ಕತೆ ತುಂಬಿತ್ತು.

ಅತ್ತೆ ಸೊಸೆಯರ ಕತೆಯನ್ನು ಆ ಮನೆಯಲ್ಲಿ ಓದಿದುದು ಅವಿವೇಕವಾಯಿತೇನೋ ಎಂದು ನಮಗೆ ನಡುವೆಯೇ ಅನ್ನಿಸಿತ್ತು. ಏಕೆಂದರೆ ಆ ಮನೆಯಲ್ಲಿಯೂ ಒಂದೇ ಸೂರಿನ ಕೆಳಗೆ ಎರಡು ಒಲೆ. ಅತ್ತೆ ಗೋಡೆಗೊರಗಿ ಕುಳಿತು ಕೇಳುತ್ತಿದ್ದರು. ಸೊಸೆ ಒಳಗೆ ಬಾಗಿಲ ಮರೆಯಲ್ಲಿದ್ದಳು. ಕತೆ ಕೇಳಿ ಆ ಮನೆ ಕೂಡಿಕೊಂಡಿತು ಎಂದು ಬರೆದರೆ ವಾಚಕರಿಗೂ ಸಂತೋಷ, ನಮ್ಮ ಲೇಖನಕ್ಕೂ ಶೋಭೆ. ಆದರೆ ಹಾಗಾಗಲಿಲ್ಲ. ಎರಡು ಒಲೆ ಇಂದಿಗೂ ಎರಡಾಗಿಯೇ ಇವೆ. ಆದುದು ಬೇರೆ. ಮರುದಿನ ಶಾಲೆ ಬಿಟ್ಟ ಮೇಲೆ ಆ ಸೊಸೆ ಮಗುವನ್ನು ಕರೆದುಕೊಂಡು ಹೋಗಲು ಬಂದವಳು, “ಆ ಪುಸ್ತಕ ಕೊಡ್ತೀರಾ ಸಾರ್? ನಂಜಮ್ಮ ಹೇಳಿದ್ದು ಸರಿಯಾಗಿ ಕೇಳಿಸಲಿಲ್ಲ” ಎಂದಳು. ಕೊಟ್ಟೆವು. ತೆರೆದು ನೋಡಿ ಮುಚ್ಚಿದಳು. ಅವಳು ಹನ್ನೆರಡನೆಯ ತರಗತಿಯವರೆಗೆ ತಮಿಳಿನಲ್ಲಿ ಓದಿದವಳು. ಮನೆಯಲ್ಲಿ ಆಡುವುದು ಕನ್ನಡ. ಕನ್ನಡದ ಅಕ್ಷರ ಅವಳಿಗೆ ಎಳೆದ ಗೆರೆಗಳಷ್ಟೇ.

ಇದರಲ್ಲಿ ಯಾರನ್ನೂ ದೂರುವ ಉದ್ದೇಶ ನಮಗಿಲ್ಲ. ಇರುವ ನಾಡಿನ ಭಾಷೆಯನ್ನು ಚೆನ್ನಾಗಿ ಕಲಿಯುವುದು ನ್ಯಾಯವೇ. ಆ ಭಾಷೆಯಿಂದ ಅವಳಿಗೆ ಅನ್ನವೂ ಅರಿವೂ ದೊರೆತಿವೆ. ಆದರೆ ಕಿವಿಯಲ್ಲಿ ತುಂಬಿರುವ ಮಾತು ಕಣ್ಣಿಗೆ ಬೀಗ ಹಾಕಿಕೊಂಡು ನಿಂತಾಗ ಮನಸ್ಸಿಗೆ ಆಗುವ ಸಂಕಟ ಅವಳ ಮುಖದಲ್ಲಿ ಕಂಡಿತು. ನಾವು ಒಂದು ನೋಟುಪುಸ್ತಕ ತಂದು, ನಂಜಮ್ಮನ ಮಾತು ಬರುವ ಭಾಗವನ್ನು ತಮಿಳು ಅಕ್ಷರಗಳಲ್ಲಿ ಬರೆಯತೊಡಗಿದೆವು. ಭಾಷಾಂತರವಲ್ಲ, ಮಾತು ಕನ್ನಡದ್ದೇ, ಲಿಪಿ ಮಾತ್ರ ತಮಿಳಿನದು.

ಈ ಕೆಲಸ ಮಾಡಿ ನೋಡದವರಿಗೆ ಇದರ ತೊಡಕು ತಿಳಿಯದು. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರ. ತಕಾರ ದಕಾರಗಳಿಗೆ ಒಂದು, ಪಕಾರ ಬಕಾರಗಳಿಗೆ ಒಂದು. ಮಹಾಪ್ರಾಣವಂತೂ ಇಲ್ಲವೇ ಇಲ್ಲ. ‘ಗಂಡ’ ಎಂದು ಬರೆದರೂ ‘ಕಂಡ’ ಎಂದು ಬರೆದರೂ ಕಾಗದದ ಮೇಲೆ ರೂಪ ಒಂದೇ. ಈ ಕತೆಯಲ್ಲಿ ಗಂಡನೂ ಮುಖ್ಯ, ಕಂಡುದೂ ಮುಖ್ಯ. ಎಡವಬಹುದೆಂದು ನಾವು ಅಂಥ ಅಕ್ಷರಗಳ ಕೆಳಗೆ ಚುಕ್ಕೆಯಿಟ್ಟೆವು. ಚುಕ್ಕೆಗಳು ವ್ಯರ್ಥವಾದವು. ಅವಳು ಒಂದೆರಡು ಸಾಲು ತಡವರಿಸಿ, ಆಮೇಲೆ ಸರಾಗವಾಗಿ ಓದಿಕೊಂಡು ಹೋದಳು; ಗಂಡನನ್ನು ಗಂಡನೆಂದೇ, ಕಂಡುದನ್ನು ಕಂಡುದೆಂದೇ ಓದಿದಳು. ಅಕ್ಷರ ಹೇಳದೆ ಬಿಟ್ಟುದನ್ನು ಕಿವಿ ತುಂಬಿಕೊಟ್ಟಿತು. ಪೂರ್ತಿ ಕತೆ ಬೇಕೆಂದಳು. ನಾಲ್ಕು ರಾತ್ರಿ ಕುಳಿತು ಬರೆದೆವು. ನಮ್ಮ ತಮಿಳು ಬರವಣಿಗೆಯಲ್ಲಿ ಅವಳು ಹುಡುಕಿದ ತಪ್ಪುಗಳ ಲೆಕ್ಕವನ್ನು ಇಲ್ಲಿ ಕೊಡುವುದಿಲ್ಲ.

ಮಾಸ್ತಿಯವರ ಗದ್ಯದ ಗುಣವು ನಮಗೆ ಸ್ಪಷ್ಟವಾದುದು ಆ ನಾಲ್ಕು ರಾತ್ರಿಗಳಲ್ಲಿ. ಒಬ್ಬ ಲೇಖಕನ ಗದ್ಯವನ್ನು ಅರಿಯಲು ಅದನ್ನು ಬೇರೊಂದು ಲಿಪಿಗೆ ಇಳಿಸುವುದಕ್ಕಿಂತ ಉತ್ತಮವಾದ ಪರೀಕ್ಷೆ ಇರಲಾರದು. ಬೇರೆ ಕೆಲವು ಲೇಖಕರ ಪುಟಗಳನ್ನು ಕುತೂಹಲಕ್ಕೆ ಹಾಗೆ ಬರೆದು ನೋಡಿದೆವು. ಸಂಸ್ಕೃತಪದಗಳು ಒತ್ತೊತ್ತಾಗಿ ಬಂದ ವಾಕ್ಯಗಳು ತಮಿಳು ಲಿಪಿಯಲ್ಲಿ ಗುರುತು ಸಿಗದಂತಾದವು. (ನಮ್ಮ ಈ ಲೇಖನಕ್ಕೂ ಅದೇ ಗತಿಯಾದೀತು.) ಮಂಗಮ್ಮನ ಮಾತಾದರೋ ಬಟ್ಟೆ ಬದಲಿಸಿದ ಹೆಣ್ಣುಮಗಳಂತೆ, ಬೇರೆ ಉಡುಗೆಯಲ್ಲಿಯೂ ತಾನೇ ಆಗಿ ನಿಂತಿತು. ಸಣ್ಣ ವಾಕ್ಯ, ಉಸಿರಿಗೆ ತಕ್ಕ ನಿಲುಗಡೆ, ಅಡುಗೆಮನೆಯ ಪದ. ಇದು ಕಣ್ಣಿಗೆ ಬರೆದ ಗದ್ಯವಲ್ಲ, ಕಿವಿಗೆ ಬರೆದುದು. ಮನೆಯಲ್ಲಿ ಒಂದು ಭಾಷೆ, ಬೀದಿಯಲ್ಲಿ ಒಂದು ಭಾಷೆ ಎಂಬ ಪರಿಸರದಲ್ಲಿ ಬೆಳೆದವರಿಗೆ ಬೀದಿಯ ಭಾಷೆಯನ್ನು ಎಚ್ಚರದಿಂದ ಆಲಿಸುವ ಅಭ್ಯಾಸ ಬರುತ್ತದೆ. ಮಾಸ್ತಿಯವರ ಕನ್ನಡದ ಸೊಗಸಿಗೆ ಅವರ ಮನೆಯ ತಮಿಳೂ ಒಂದು ಕಾರಣವಾಗಿದ್ದಿರಬಹುದೆಂಬುದು ನಮ್ಮ ಊಹೆ. ಪಂಡಿತರು ಒಪ್ಪದಿದ್ದರೆ ಚಿಂತೆಯಿಲ್ಲ. ನಮ್ಮ ಶಾಲೆಯ ಮಕ್ಕಳನ್ನು ನೋಡಿದವರು ಒಪ್ಪುವರು.

ಮಂಗಮ್ಮ ಇನ್ನೂ ದೂರ ನಡೆದಿದ್ದಾಳೆ. ಹೊಸೂರಿನ ಕಾರ್ಖಾನೆಗಳಿಗೆ ಕೆಲಸಕ್ಕೆಂದು ಬಂದ ಬಿಹಾರದ ಯುವಕನೊಬ್ಬ ತನ್ನ ಮಗುವನ್ನು ಶಾಲೆಗೆ ಸೇರಿಸುವ ವಿಚಾರವಾಗಿ ಕೇಳಲು ಬಂದಿದ್ದ. ಮೇಜಿನ ಮೇಲಿದ್ದ ಪುಸ್ತಕ ಏನೆಂದು ಕೇಳಿದ. ನಮಗೆ ಬರುವ ಹಿಂದಿ ಅಷ್ಟಕ್ಕಷ್ಟೆ; ಮಂಗಮ್ಮ ಎಂಬವಳ ಕತೆ ಎಂದೆವು. ಅವನು ಮುಖವರಳಿಸಿ, “ದಹೀ ವಾಲೀ?” ಎಂದ. ನಾವು ಬೆರಗಾದೆವು. ವಿಷಯವೇನೆಂದರೆ, ಬಿಹಾರದ ಹತ್ತನೆಯ ತರಗತಿಯ ಹಿಂದಿ ಪೂರಕ ಪಠ್ಯವಾದ ‘ವರ್ಣಿಕಾ’ದಲ್ಲಿ ಬಿ. ಆರ್. ನಾರಾಯಣರು ಅನುವಾದಿಸಿದ ಈ ಕತೆ ‘ದಹೀ ವಾಲೀ ಮಂಗಮ್ಮಾ’ ಎಂಬ ಹೆಸರಿನಿಂದ ಸೇರಿದೆ. ಗಂಗಾತೀರದ ಹುಡುಗರು ಪರೀಕ್ಷೆಗೆಂದು ನಂಜಮ್ಮನ ಉಪಾಯವನ್ನು ಕಂಠಪಾಠ ಮಾಡುತ್ತಾರೆ. ಅವನಿಗೆ ಬರೆದವರ ಹೆಸರು ನೆನಪಿರಲಿಲ್ಲ, ಮೂಲ ಭಾಷೆ ಯಾವುದೆಂಬುದೂ ನೆನಪಿರಲಿಲ್ಲ. ರವಿಕೆ ನೆನಪಿತ್ತು. ತನ್ನ ತಾಯಿಯೂ ಒಂದು ಸಲ ಹಾಗೆ ಸಿಟ್ಟಿನಿಂದ ಸೀರೆ ಕೊಂಡಿದ್ದಳೆಂದು ಹೇಳಿ ನಕ್ಕ. ಆಮೇಲೆ ಸ್ವಲ್ಪ ಹೊತ್ತು ಮಾತಾಡಲಿಲ್ಲ. ತಾಯಿ ಊರಿನಲ್ಲಿ ಒಬ್ಬಳೇ ಇದ್ದಾಳಂತೆ.

ಆ ಮಕಮಲ್ಲಿನ ರವಿಕೆಯನ್ನು ಕುರಿತು ಒಂದು ಮಾತು ಹೇಳಲೇಬೇಕು. ನವ್ಯರ ಕಾಲದಿಂದ ಮಾಸ್ತಿಯವರ ಮೇಲೆ ಒಂದು ಆಕ್ಷೇಪಣೆ ಇದ್ದೇ ಇದೆ: ಅವರದು ಸಮಾಧಾನದ ಜಗತ್ತು, ಮನಸ್ಸಿನ ಕತ್ತಲೆಗೆ ಅವರು ದೀಪ ಹಿಡಿಯುವುದಿಲ್ಲ ಎಂದು. ಈ ಮಾತಿನಲ್ಲಿ ಸತ್ಯಾಂಶವಿದೆ. ರಂಗಪ್ಪ ಮಾತಿಗೆ ಬಂದಾಗ ಮಂಗಮ್ಮನ ಮನಸ್ಸಿನಲ್ಲಿ ಏಳಬಹುದಾದುದನ್ನು ಪೂರ್ತಿಯಾಗಿ ತೆರೆದು ತೋರಿಸಲು ಮಾಸ್ತಿಯವರು ಒಪ್ಪುವುದಿಲ್ಲ. ಹತ್ತಿರ ಹೋಗಿ, ಕಂಡು, ಮರ್ಯಾದೆಯಿಂದ ಹಿಂದೆ ಸರಿಯುತ್ತಾರೆ. ಬೇರೊಬ್ಬ ಕತೆಗಾರನು ಅಲ್ಲಿಯೇ ಕತೆಯನ್ನು ಆರಂಭಿಸುತ್ತಿದ್ದನು. ಆದರೆ ರವಿಕೆಯನ್ನು ಕಂಡವರೂ ಅವರೇ ಅಲ್ಲವೇ? ಪ್ರಾಯ ಸಂದ ಹಳ್ಳಿಯ ಹೆಂಗಸೊಬ್ಬಳು ಸಿಟ್ಟು, ಒಂಟಿತನ, ಬದುಕಿನ ಆಸೆ ಇಷ್ಟನ್ನೂ ಒಂದು ರವಿಕೆಯಾಗಿ ಹೊಲಿಸಿಕೊಂಡಳೆಂಬುದನ್ನು ಅವರು ಕಂಡರು, ನಗಲಿಲ್ಲ. ನಡುಮನೆಯಲ್ಲಿ ಆ ಭಾಗ ಬಂದಾಗ ಗಂಡಸರು ನಕ್ಕರು. ಹೆಂಗಸರಲ್ಲಿ ಒಬ್ಬರೂ ನಗಲಿಲ್ಲ. ಕತ್ತಲೆಗೆ ದೀಪ ಹಿಡಿಯದಿದ್ದರೂ ಅಲ್ಲಿ ಕತ್ತಲೆಯಿದೆ ಎಂದು ಬೆರಳು ತೋರಿಸಿದ್ದಾರೆ. ಅಷ್ಟು ಸಾಕೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಒಂದೇ ಉತ್ತರವಿಲ್ಲ. ಒಂದೊಂದು ದಿನ ಸಾಕೆನಿಸುತ್ತದೆ, ಒಂದೊಂದು ದಿನ ಸಾಲದೆನಿಸುತ್ತದೆ.

ನಮ್ಮ ಭಾಗದಲ್ಲಿ ಕನ್ನಡ ಓದಬಲ್ಲವರು ವರ್ಷ ವರ್ಷಕ್ಕೆ ವಿರಳವಾಗುತ್ತಿದ್ದಾರೆಂಬುದು ನಮ್ಮ ಕಣ್ಣೆದುರಿನ ಸಂಗತಿ. ಸಂಘದವರು ಪುಸ್ತಕಗಳನ್ನು ತರಿಸಿ ಬೀರುವಿನಲ್ಲಿಡುತ್ತಿರುವುದು ಸಂತೋಷವೇ. ಬೀರುವಿನ ಬೀಗದ ಕೈ ಕಾರ್ಯದರ್ಶಿಗಳ ಬಳಿಯಿದೆ. ಇನ್ನೊಂದು ಬೀಗ ಓದುವವರ ಕಣ್ಣಿನಲ್ಲಿದೆ, ಅದನ್ನು ತೆಗೆಯುವ ಬಗೆಯನ್ನು ನಾವು ಯೋಚಿಸಿಲ್ಲ. ತಿಂಗಳಿಗೊಂದು ರಾತ್ರಿ ಗಟ್ಟಿಯಾಗಿ ಓದುವ ಏರ್ಪಾಡು ಮಾಡಿದರೆ ಖರ್ಚೇನೂ ಇಲ್ಲ. ಲಿಪಿ ಬಾರದ ಕನ್ನಡಿಗರಿಗಾಗಿ ಎರಡು ಮೂರು ಕತೆಗಳನ್ನು ತಮಿಳು ಅಕ್ಷರದಲ್ಲಿ ಬರೆದಿಡುವುದು ಅಪಚಾರವೆಂದು ಕೆಲವು ಮಿತ್ರರು ನಮ್ಮೊಡನೆ ವಾದಿಸಿದ್ದಾರೆ. ಅಕ್ಷರ ಕಲಿಸುವುದೇ ಧರ್ಮವೆಂದು ಅವರ ಮತ. ನಾವೂ ಅಕ್ಷರ ಕಲಿಸುವವರೇ. ಆದರೆ ಹಸಿದು ಬಂದವರಿಗೆ ಮೊದಲು ಭತ್ತ ಬಿತ್ತಿ ಬಾ ಎನ್ನುವುದು ನಮ್ಮ ಕೈಲಾಗದು.

ಆ ಸೊಸೆ ಈಗ ಕನ್ನಡ ಅಕ್ಷರಗಳನ್ನು ತಿದ್ದುತ್ತಿದ್ದಾಳೆ. ತನ್ನ ಮಗುವಿನ ಸ್ಲೇಟಿನಲ್ಲಿ, ಮಗು ಮಲಗಿದ ಮೇಲೆ. ಗಕಾರ ಬಕಾರಗಳಿಗೆ ಬೇರೆ ಬೇರೆ ಅಕ್ಷರ ಇರುವುದು ಅನುಕೂಲವೆಂದು ಅವಳ ಅಭಿಪ್ರಾಯ. ಒತ್ತಕ್ಷರಗಳು ದಂಡವೆಂದೂ ಅಭಿಪ್ರಾಯ. ನೋಟುಪುಸ್ತಕವನ್ನು ಹಿಂದಿರುಗಿಸಲಿಲ್ಲ. ಅತ್ತೆ ಮೊನ್ನೆ ದಾರಿಯಲ್ಲಿ ಸಿಕ್ಕಿ, ಮೊಮ್ಮಗ ಅಜ್ಜಿಯ ಹತ್ತಿರ ಬರುವ ಭಾಗವನ್ನು ಸೊಸೆ ಒಳಗೆ ಕುಳಿತು ಗಟ್ಟಿಯಾಗಿ ಓದುತ್ತಿರುವುದು ಗೋಡೆಯಾಚೆಯಿಂದ ಕೇಳಿಸುತ್ತದೆ ಎಂದರು. “ನಂಗೆ ಕೇಳ್ಲಿ ಅಂತ ಓದ್ತಾಳೋ, ಅವಳ ಪಾಡಿಗೆ ಓದ್ತಾಳೋ ತಿಳೀದು” ಎಂದು ಹೇಳಿ, ಮುಂದಿನ ಸಲ ಯಾವ ಕತೆ ಎಂದು ವಿಚಾರಿಸಿದರು. ‘ಜೋಗ್ಯೋರ ಅಂಜಪ್ಪನ ಕೋಳಿ ಕತೆ’ ಎಂದೆವು. ಕೋಳಿಯ ಕತೆಯಾದರೆ ಜಗಳವಿರದು, ಓದಿ ಎಂದು ಅಪ್ಪಣೆಯಾಯಿತು.